ಅಳಿಸಿಹೋಗದ ಅಂಕೆ

"ಮೇಡಮ್, ನಮ್ಮ ದೊಡ್ಡಮ್ಮನ್ನ ಕೊಂದಿದ್ದು ನಾನೇನಾ ಅಂತ ನೀವು ಕಂಡುಹಿಡಿದು ಹೇಳಬೇಕು."

ಬಾಗಿಲು ತೆಗೆದ ನನ್ನನ್ನು ದಾಟಿಕೊಂಡು ಹೋಗಿ, ನಮ್ಮತ್ತಿಗೆಯ ಮುಂದೆ ನಿಂತು ಆ ಹುಡುಗಿ ಹೀಗೆ ಕೇಳಿದಾಗ ನನಗೆ ರೇಗಿಹೋಯಿತು. ಕೊಂದವರೂ ಕೊಂದಿಲ್ಲ ಅನ್ನುತ್ತಾರೆ, ಕೊಲ್ಲದವರೂ ಕೊಂದಿಲ್ಲ ಅನ್ನುತ್ತಾರೆ. ಕೊಂದೆನೋ ಇಲ್ಲವೋ ಗೊತ್ತಿಲ್ಲ, ನೀವೇ ನೋಡಿ ಹೇಳಿ ಅನ್ನುವವರನ್ನು ನಾನು ಕಂಡಿರಲಿಲ್ಲ. ಶಾಲೆಯಲ್ಲಿ ಆಟದ ಮೇಷ್ಟ್ರಾಗಿ ಜನ್ಮ ಸವೆಸಿದವನು ನಾನು, ಬಾಯಿ ಸ್ವಲ್ಪ ಜೋರು. "ಏನಮ್ಮಾ, ತಮಾಷೆನಾ?" ಅಂದುಬಿಟ್ಟೆ. ಅತ್ತಿಗೆ ನನ್ನ ಕಡೆ ಒಂದು ಸಲ ನೋಡಿದರು. ನಾನು ತೆಪ್ಪಗೆ ಕುರ್ಚಿ ಎಳೆದು ಕೊಟ್ಟೆ.

ನಮ್ಮತ್ತಿಗೆ ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಈಗಿನ ಇನ್ಸ್‌ಪೆಕ್ಟರ್ ಒಂದು ಕಾಲಕ್ಕೆ ಅವರ ಕೈಕೆಳಗೆ ಪಳಗಿದವನು, ಇವತ್ತಿಗೂ ಅವರೆದುರು ಕೂರಲು ಹಿಂದೆಮುಂದೆ ನೋಡುತ್ತಾನೆ. ನಮ್ಮಣ್ಣನಿಗೆ ಪೇಪರು ಮತ್ತು ನಿದ್ದೆ ಬಿಟ್ಟರೆ ಲೋಕವೇ ಬೇಡ. ಹಾಗಾಗಿ ಅತ್ತಿಗೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರೆಲ್ಲಾ ಸುತ್ತಿಸುವುದು, ಕೊನೆಗೆ ಅವರು ಗುಟ್ಟು ಬಿಡಿಸುವಾಗ ಬೆಪ್ಪನ ಹಾಗೆ ಬಾಯಿ ಬಿಡುವುದು, ಇವೆರಡೂ ಮೈದುನನಾದ ನನ್ನ ಪಾಲಿನ ಕೆಲಸ.

ಹುಡುಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಅಪ್ಪ ಅಮ್ಮ ಇಲ್ಲ, ಚಿಕ್ಕಂದಿನಿಂದ ದೊಡ್ಡಮ್ಮನ ಮನೆಯಲ್ಲೇ ಬೆಳೆದವಳು. ಆ ದೊಡ್ಡಮ್ಮ ಬಳಕೆ ತಜ್ಞರ ಸಂಘದ ಅಧ್ಯಕ್ಷೆ. ಹಾಗಂದರೇನು ಅಂತ ನಾನು ಕೇಳಿದೆ. ಒಂದು ಯಂತ್ರವನ್ನೋ ಬಾಗಿಲನ್ನೋ ಫೋನನ್ನೋ ಜನ ತಡವರಿಸದೆ ಬಳಸಬಹುದಾ, ಎಲ್ಲಿ ಎಡವುತ್ತಾರೆ ಅಂತ ಪರೀಕ್ಷೆ ಮಾಡಿ ನೋಡುವವರಂತೆ. ಮೊದಲ ಸಲ ಬಳಸುವ ಜನರನ್ನು ಕರೆದು ಕೂರಿಸುತ್ತಾರೆ, ವಸ್ತು ಕೈಗೆ ಕೊಡುತ್ತಾರೆ, ಮನಸ್ಸಿನಲ್ಲಿ ಏನು ಓಡುತ್ತದೋ ಅದನ್ನೆಲ್ಲಾ ಬಾಯಿಬಿಟ್ಟು ಹೇಳುತ್ತಾ ಬಳಸಿ ಅನ್ನುತ್ತಾರೆ, ತಾವು ತುಟಿ ಪಿಟಕ್ಕೆನ್ನದೆ ನೋಡುತ್ತಾರೆ. ಇಂಥವರಿಗೂ ಒಂದು ಸಂಘ, ಅದಕ್ಕೊಬ್ಬರು ಅಧ್ಯಕ್ಷರು, ಆ ಕುರ್ಚಿಗೊಂದು ಜಗಳ.

ದೊಡ್ಡಮ್ಮ ಬೆನ್ನುಮೂಳೆಯ ಆಪರೇಷನ್ ಮಾಡಿಸಿಕೊಂಡು ಮಂಚ ಹಿಡಿದಿದ್ದರು. ಕತ್ತು ತಿರುಗಿಸುವ ಹಾಗೂ ಇರಲಿಲ್ಲ. ನೋವಿನ ಔಷಧಿಯನ್ನು ಸ್ವಲ್ಪ ಸ್ವಲ್ಪವಾಗಿ ನರಕ್ಕೆ ಇಳಿಸುವ ಒಂದು ಪೆಟ್ಟಿಗೆ ಮಂಚದ ತಲೆಯ ಹಿಂದೆ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು. ಪೆಟ್ಟಿಗೆಯ ಮೇಲೆ ಅಂಕೆ ತೋರಿಸುವ ಪುಟ್ಟ ಪರದೆ, ಅಂಕೆ ಏರಿಸಲು ಇಳಿಸಲು ಎರಡು ಬಾಣ, ಕೆಳಗೆ ಎಡಕ್ಕೊಂದು ಬಲಕ್ಕೊಂದು ಬೂದು ಬಣ್ಣದ ಗುಂಡಿ. ಎಡದ್ದನ್ನು ಒತ್ತಿದರೆ ಅಂಕೆ ನಿಲ್ಲುತ್ತದೆ, ಬಲದ್ದನ್ನು ಒತ್ತಿದರೆ ಅಳಿಸಿಹೋಗಿ ಸೊನ್ನೆ. ಆದರೆ ಯಾರ ಕೈಯಾದರೂ ಮೊದಲು ಹೋಗುವುದು ಬಲಕ್ಕೇ. ಅದನ್ನು ಕಲಿಯುವಷ್ಟರಲ್ಲಿ ತನಗೆ ಸಾಕು ಸಾಕಾಗಿ ಹೋಗಿತ್ತು ಅಂದಳು ಹುಡುಗಿ.

ಆ ದಿನ ಮಧ್ಯಾಹ್ನ ಅವಳು ಅಂಕೆಯನ್ನು ನಾಲ್ಕಕ್ಕೆ ಇಟ್ಟು ಹೊರಗೆ ಹೋದಳು. ಸಂಘದ ಪ್ರಮುಖರು ಮೂವರು ಮನೆಗೇ ಸಭೆಗೆ ಬಂದಿದ್ದರು. ಅವರು ಹೋದ ಮೇಲೆ ಇಣುಕಿದಳು, ದೊಡ್ಡಮ್ಮ ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಳು. ಸಂಜೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಪರದೆಯ ಮೇಲೆ ನಲವತ್ತು ಅಂತಿತ್ತು. ಡೋಸು ಅಷ್ಟು ಹೆಚ್ಚಾದರೆ ಕಾಲು ಗಂಟೆಯೊಳಗೆ ಮಂಪರು, ಆಮೇಲೆ ಗಾಢ ನಿದ್ದೆ, ಆಮೇಲೆ ಉಸಿರು ನಿಲ್ಲುವುದು ಅಂತ ವೈದ್ಯರು ಹೇಳಿದರಂತೆ. ಅಂಕೆ ಯಾವಾಗ ಬದಲಾಯಿತು ಅಂತ ನೆನಪಿಟ್ಟುಕೊಳ್ಳುವ ಬುದ್ಧಿ ಆ ಪೆಟ್ಟಿಗೆಗೆ ಇರಲಿಲ್ಲ.

"ಬಾಣ ಒತ್ತಿ ಹಿಡಿದ್ರೆ ಅಂಕೆ ಓಡುತ್ತೆ ಮೇಡಮ್," ಅಂದಳು. "ಪರದೆ ನೋಡಿದೆ ಅಂತ ಅನ್ಸುತ್ತೆ. ಆದ್ರೆ ದೊಡ್ಡಮ್ಮ ಬೈತಾ ಇದ್ರು, ಬೇಗ ಮುಗಿಸಿ ಹೊರಗೆ ನಡಿ ಅಂತ. ನಾಲ್ಕೇ ಇತ್ತು ಅಂತ ಆಣೆ ಮಾಡು ಅಂದ್ರೆ ನನ್ನ ಕೈಲಿ ಆಗಲ್ಲ. ಪೊಲೀಸ್ನೋರು ಮನೆ ಆಸೆಗೆ ಬೇಕು ಅಂತ್ಲೇ ಮಾಡಿದೀಯ ಅಂತಾರೆ. ಅದು ಸುಳ್ಳು ಅಂತ ನಂಗೆ ಗೊತ್ತು. ಕೈ ತಪ್ಪಿ ಮಾಡಿದೀನಾ ಅನ್ನೋದು ಗೊತ್ತಿಲ್ಲ. ಅದು ಗೊತ್ತಾಗದೆ ನಾನು ಇನ್ನೊಬ್ಬ ರೋಗಿನ ಮುಟ್ಟಲ್ಲ."

ಅತ್ತಿಗೆ ಅವಳಿಗೆ ಸಮಾಧಾನದ ಮಾತು ಹೇಳಲಿಲ್ಲ. ಆ ಪೆಟ್ಟಿಗೆಯಂಥದ್ದೇ ಇನ್ನೊಂದು ತಂದು ತೋರಿಸಲು ಆಗುತ್ತದಾ ಅಂತ ಮಾತ್ರ ಕೇಳಿದರು.

ಮರುದಿನ ಆಸ್ಪತ್ರೆಯ ಉಗ್ರಾಣದಿಂದ ಒಂದನ್ನು ಕೇಳಿ ತಂದಳು. ಔಷಧಿ ತುಂಬಿರದ ಖಾಲಿ ಪೆಟ್ಟಿಗೆ. ನನಗೂ ಕೈ ತುರಿಸುತ್ತಿತ್ತು, ಎತ್ತಿಕೊಂಡೆ. ಬಾಣ ಒತ್ತಿ ನಾಲ್ಕಕ್ಕೆ ತಂದೆ. "ಬಲಗಡೆದು ಒತ್ತಬೇಡಿ ಅಂಕಲ್, ಅಳಿಸಿಹೋಗುತ್ತೆ," ಅನ್ನುವಷ್ಟರಲ್ಲಿ ಬಲದ ಗುಂಡಿ ಒತ್ತಿ ಆಗಿತ್ತು. ಅಂಕೆ ಏನೂ ಅಳಿಸಲಿಲ್ಲ, ಗಟ್ಟಿಯಾಗಿ ನಿಂತಿತ್ತು. ನಾನು ಎದೆ ಉಬ್ಬಿಸಿ, ನೋಡಿದೆಯಾ, ಆಟದ ಮೇಷ್ಟ್ರ ಕೈ ಇದು, ಮೊದಲ ಸಲಕ್ಕೇ ಮಾಡಿ ಮುಗಿಸಿದೆ ಅಂದೆ. ಹುಡುಗಿ ಹುಬ್ಬು ಗಂಟಿಕ್ಕಿದಳು. ಅತ್ತಿಗೆ ಪೆಟ್ಟಿಗೆಯನ್ನು ನನ್ನ ಕೈಯಿಂದ ಇಸಿದುಕೊಂಡು ಒಂದೆರಡು ಸಲ ಒತ್ತಿ ನೋಡಿ, ಚೀಲಕ್ಕೆ ಹಾಕಿಕೊಂಡರು. ನಿನ್ನ ಶೌರ್ಯ ಸಾಕು, ಸ್ಕೂಟರ್ ತೆಗಿ ಅಂದರು.

ಮೊದಲು ಹೋಗಿದ್ದು ಉಪಾಧ್ಯಕ್ಷನ ಕಚೇರಿಗೆ. ಗಾಜಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಯಾರ ಮೇಲೋ ಕಿರುಚುತ್ತಿದ್ದ. ಸಂಘದವರು ಅವನಿಗೆ ಮೈಕು ಅಂತ ಅಡ್ಡಹೆಸರಿಟ್ಟಿದ್ದರು, ಸುಮ್ಮನೆ ಇಟ್ಟಿರಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಶುರು ಮಾಡಿ ಕೆಟ್ಟದ್ದನ್ನು ಮಾತ್ರ ಆಡಿದ. ಆ ಹೆಂಗಸಿಗೆ ಕುರ್ಚಿಯ ಹುಚ್ಚು, ನಾಲಿಗೆಗೆ ಮೂಳೆ ಇಲ್ಲ, ಆ ದಿನವೂ ಮಲಗಿದ ಕಡೆಯಿಂದಲೇ ಎಲ್ಲರ ಬೆವರಿಳಿಸಿದಳು ಅಂದ. ಪ್ರತಿ ಸಭೆಯ ಕೊನೆಗೂ ಒಬ್ಬೊಬ್ಬರನ್ನೇ ಒಳಗೆ ಕರೆದು ಬೈಯುವುದು ಆಕೆಯ ಪದ್ಧತಿಯಂತೆ.

"ಕೊನೇವರೆಗೂ ಗಂಟಲು ಹಾಗೇ ಇತ್ತಾ?" ಅಂತ ಅತ್ತಿಗೆ ಕೇಳಿದರು.

"ನಾನು ಗೇಟು ದಾಟೋವಾಗ್ಲೂ ಕೇಳಿಸ್ತಿತ್ತು. ಕಾರ್ಯದರ್ಶಿನ ಝಾಡಿಸ್ತಿದ್ಲು."

ಆ ಪೆಟ್ಟಿಗೆ ಮನೆಗೆ ಬಂದಾಗಿನಿಂದ ಆಕೆಗೆ ಅದರದ್ದೇ ಜಪವಾಗಿತ್ತು ಅಂತಲೂ ಹೇಳಿದ. ಇಷ್ಟು ಕೆಟ್ಟ ಯಂತ್ರವನ್ನು ಬಳಸಲು ಸುಲಭ ಅಂತ ಪಾಸು ಮಾಡಿದವರು ನಿಮ್ಮಲ್ಲೇ ಒಬ್ಬರಿದ್ದೀರಿ, ಯಾರು ಅಂತ ಪತ್ತೆ ಮಾಡಿದ್ದೇನೆ, ಸರ್ವಸದಸ್ಯರ ಸಭೆಯಲ್ಲಿ ಹೆಸರು ಹೇಳುತ್ತೇನೆ ಅಂತ ಸಭೆಯಲ್ಲೇ ಗುಡುಗಿದರಂತೆ. ಅದು ಕಾರ್ಯದರ್ಶಿಯೇ, ಬೇಕಾದರೆ ಬರೆದುಕೊಡುತ್ತೇನೆ ಅಂದ ಮೈಕು. ತಾನಂತೂ ಅಂಥ ಪೆಟ್ಟಿಗೆಯನ್ನು ಹಿಂದೆಂದೂ ಕಂಡಿಲ್ಲ ಅಂದ.

ಕಾರ್ಯದರ್ಶಿ ಸಣಕಲು ಮೈಯ ಹೆಂಗಸು. ತಣ್ಣಗಿನ ಮಾತು, ಚುಚ್ಚುವುದರಲ್ಲಿ ಎತ್ತಿದ ಕೈ. ನಮ್ಮನ್ನು ಕೂರಿ ಅಂತಲೂ ಅನ್ನಲಿಲ್ಲ. ಅಧ್ಯಕ್ಷೆಯ ಮೇಲೆ ಅವಿಶ್ವಾಸ ಮಂಡಿಸಿದ್ದು ತಾನೇ, ಅದಕ್ಕೇನೂ ಪಶ್ಚಾತ್ತಾಪವಿಲ್ಲ ಅಂದಳು. ಪೆಟ್ಟಿಗೆ ಪಾಸು ಮಾಡಿದವರ ಮಾತು ಅವಳೂ ತೆಗೆದಳು, ಅದು ಮೈಕೇ ಇರಬೇಕು ಅಂದಳು. ತನ್ನನ್ನು ಬೈಯುವಾಗ ಅಧ್ಯಕ್ಷೆಯ ಧ್ವನಿ ಕಬ್ಬಿಣದ ಹಾಗಿತ್ತಂತೆ. ಕೊನೆಗೆ ಒಳಗೆ ಹೋದವರು ಯಾರು ಅಂದರೆ ಮೈಕು ಅಂದಳು. ಮೈಕು ಈಕೆ ಅಂದಿದ್ದ. ಒಬ್ಬರ ಮೇಲೊಬ್ಬರು ಗೂಬೆ ಕೂರಿಸುವ ಭರದಲ್ಲಿ ಇವರ ಮಾತಿನಿಂದ ಸರದಿಯನ್ನು ಗೊತ್ತುಮಾಡುವುದೇ ಅಸಾಧ್ಯವಾಗಿತ್ತು. ಮಾತು ಮುಗಿಸುವಾಗ ಆಕೆ, "ಆ ನರ್ಸನ್ನ ಇನ್ನೂ ಯಾಕೆ ಹೊರಗೆ ಬಿಟ್ಟಿದಾರೋ," ಅಂದಳು. ನನಗೆ ಮೈಯೆಲ್ಲಾ ಉರಿಯಿತು, ಅತ್ತಿಗೆ ಕೈ ಹಿಡಿದೆಳೆದು ಹೊರಗೆ ಕರೆತಂದರು.

ಮೂರನೆಯವರು ಸಂಘದ ಹಿಂದಿನ ಅಧ್ಯಕ್ಷರು. ಎಲ್ಲರೂ ಗುರುಗಳು ಅನ್ನುತ್ತಿದ್ದರು, ಯಾಕೆಂದರೆ ಮೈಕು, ಕಾರ್ಯದರ್ಶಿ, ಸತ್ತ ಅಧ್ಯಕ್ಷೆ, ಎಲ್ಲರೂ ಈ ಕಸುಬನ್ನು ಕಲಿತದ್ದು ಅವರ ಕೈಯಲ್ಲೇ. ನಾವು ಹೋದಾಗ ತರಬೇತಿ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ನಿಲ್ಲಿಸಿ ಅರೆಯುತ್ತಿದ್ದರು. ಹೊಸಬರು ಯಾವ ವಸ್ತುವಿನಲ್ಲಿ ಎಲ್ಲಿ ಎಡವುತ್ತಾರೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ, ನಿನಗೆ ಕಣ್ಣು ಬಿಟ್ಟರೂ ಕಾಣಲ್ಲ ಅನ್ನುತ್ತಿದ್ದರು. ಆ ವಿದ್ಯಾರ್ಥಿನಿ ನೆಲ ನೋಡುತ್ತಾ ನಿಂತಿದ್ದಳು. ನಾನೂ ಮಕ್ಕಳನ್ನು ಗದರಿದವನೇ, ಆದರೆ ಹೀಗೆ ನೆಲಕ್ಕೆ ಹಾಕಿ ತುಳಿದವನಲ್ಲ.

ಅತ್ತಿಗೆಯ ಪ್ರಶ್ನೆಗಳಿಗೆ ಗುರುಗಳು ಕೊಂಕು ನಗುತ್ತಾ ಉತ್ತರ ಕೊಟ್ಟರು. ಹೌದು, ಕೊನೆಯವರೆಗೂ ಬೈದಳು, ಅವಳಿಗೆ ಅದೊಂದೇ ವಿದ್ಯೆ ಚೆನ್ನಾಗಿ ಬರುತ್ತಿದ್ದದ್ದು ಅಂದರು. ಸಭೆಯಲ್ಲಿ ಏನೇನಾಯಿತು ಅಂದರೆ ಸದಸ್ಯತ್ವದ ಜಗಳ, ಭಾಷಣಕಾರರ ಆಯ್ಕೆಯ ಜಗಳ, ಕಾರ್ಯದರ್ಶಿ ಎದ್ದು ಹೋಗುತ್ತೇನೆ ಅಂದದ್ದು, ಮೈಕು ಮೇಜು ಗುದ್ದಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಪೆಟ್ಟಿಗೆಯ ಬಗ್ಗೆ ಕೇಳಿದಾಗ, ಮಂಚದ ಹಿಂದೆ ಏನೋ ತೂಗುತ್ತಿತ್ತಪ್ಪ, ನಾನು ಅಂಥದ್ದನ್ನು ಹಿಂದೆ ನೋಡಿಲ್ಲ ಅಂದರು. "ಹೊಸ ಯಂತ್ರ, ಅದೂ ವೈದ್ಯಕೀಯದ್ದು. ಹೊರಗಿನವರು ಒಂದು ಗಳಿಗೇಲಿ ಅದನ್ನ ಬದಲಾಯಿಸೋಕೆ ಸಾಧ್ಯವೇ ಇಲ್ಲ. ಗೊತ್ತಿದ್ದೋಳು ಒಬ್ಬಳೇ."

ಇನ್ಸ್‌ಪೆಕ್ಟರನೂ ಅದೇ ಮಾತಿಗೆ ಜೋತುಬಿದ್ದಿದ್ದ. ಪಾಸು ಮಾಡಿದ್ದು ಯಾರು ಅಂತ ಪೆಟ್ಟಿಗೆಯ ಕಂಪನಿಯನ್ನು ಕೇಳಿದರೆ ಅವರು ವಕೀಲರನ್ನು ಮುಂದೆ ಬಿಟ್ಟು ಕಾಲ ತಳ್ಳುತ್ತಿದ್ದಾರೆ, ನಾನು ಇನ್ನು ಕಾಯಲಾರೆ, ಹುಡುಗಿಯನ್ನು ಒಳಗೆ ಹಾಕಲೇಬೇಕು ಮೇಡಮ್ ಅಂದ. ಅತ್ತಿಗೆ ಒಪ್ಪಿಕೊಂಡುಬಿಟ್ಟರು. ಹಾಗಾದರೆ ಅದನ್ನೇ ಸಾಬೀತು ಮಾಡೋಣ, ಆ ಮೂವರನ್ನೂ ಸಂಘದ ಪರೀಕ್ಷಾ ಕೋಣೆಗೆ ಕರೆಸು, ಅವರಿಗೆ ಪೆಟ್ಟಿಗೆ ಕೊಟ್ಟು ಅಂಕೆ ಇಡಲು ಹೇಳೋಣ, ಮೂವರೂ ತಡವರಿಸಿದರೆ ಹುಡುಗಿ ಬಿಟ್ಟು ಬೇರೆ ಯಾರೂ ಅಲ್ಲ ಅಂತಾಗುತ್ತದೆ ಅಂದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಸಹಾಯ ಕೇಳಿ ಬಂದವಳ ಕುತ್ತಿಗೆಗೆ ತಾವೇ ಹಗ್ಗ ಹೊಸೆಯುತ್ತಿದ್ದರು. ದಾರಿಯುದ್ದಕ್ಕೂ ಅತ್ತಿಗೆಯ ಜೊತೆ ಮಾತಾಡಲಿಲ್ಲ ನಾನು. ಅವರು ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ.

ಆ ಮೂವರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲಿರಬೇಕು. ಆ ನರ್ಸನ್ನು ಸಿಕ್ಕಿಸಲು ಕುಣಿದುಕೊಂಡು ಬಂದರು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಘದ ಕಚೇರಿ. ಸಭಾಂಗಣದ ಗೋಡೆಯ ಮೇಲೆ ಒಂದು ಟೀವಿ, ಅದರ ಪಕ್ಕ ದೊಡ್ಡ ಫಲಕ: ತಪ್ಪು ಬಳಸುವವರದ್ದಲ್ಲ, ವಸ್ತುವಿನದ್ದು. ಅದರ ಕೆಳಗೇ ನಿಂತು ಮೈಕು, ಹುಡುಗಿಯ ಅಜಾಗರೂಕತೆ ಅಂತ ಗಂಟಲು ಹರಿದುಕೊಳ್ಳುತ್ತಿದ್ದ.

ಪರೀಕ್ಷಾ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಮೇಜಿನ ನೇರಕ್ಕೆ ಚಾವಣಿಯಲ್ಲಿ ಒಂದು ಕ್ಯಾಮೆರಾ. ಒಂದು ಗೋಡೆಗೆ ಉದ್ದದ ಗಾಜು, ಒಳಗೆ ಕೂತವರಿಗೆ ಅದು ಕನ್ನಡಿ, ಪಕ್ಕದ ಕತ್ತಲೆ ಕೋಣೆಯಲ್ಲಿ ಕೂತ ನಮಗೆ ಕಿಟಕಿ. ಹುಡುಗಿ, ಇನ್ಸ್‌ಪೆಕ್ಟರ್, ನಾನು ಅಲ್ಲಿ ಕೂತೆವು. ಅತ್ತಿಗೆ ಒಳಗಿದ್ದರು. ಬಾಯಿಬಿಟ್ಟು ಹೇಳುತ್ತಾ ಮಾಡುವ ನಿಯಮವನ್ನು ಗುರುಗಳೇ ಎಲ್ಲರಿಗೂ ನೆನಪಿಸಿದರು, ಇಲ್ಲದಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ ಅಂತ. ಉಳಿದವರ ಪರೀಕ್ಷೆ ನೋಡಬಾರದು ಅಂತ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಎಲ್ಲರಿಗೂ ಒಂದೇ ಕೆಲಸ, ಅಂಕೆಯನ್ನು ನಾಲ್ಕಕ್ಕೆ ಇಡಬೇಕು.

ಮೈಕು ಪೆಟ್ಟಿಗೆಯನ್ನು ತಲೆಕೆಳಗು ಹಿಡಿದು ಶುರು ಮಾಡಿದ. ಬಾಣ ಒತ್ತಿ ಹಿಡಿದು ಅಂಕೆಯನ್ನು ಎಲ್ಲೆಲ್ಲೋ ಓಡಿಸಿ, ಬೈದುಕೊಂಡು, ಮತ್ತೆ ಇಳಿಸಿ, ಕೊನೆಗೆ ಬಲದ ಗುಂಡಿ ಒತ್ತಿ ಆಯಿತು ಅಂದ. ಕಾರ್ಯದರ್ಶಿ ಒಂದೊಂದು ಗುಂಡಿಯ ಗುರುತನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಈ ಗುರುತು ಅರ್ಥವಾಗುತ್ತಿಲ್ಲ ಅಂತ ಗೊಣಗಿ, ಬಲದ್ದು ಒತ್ತಿ ಮುಗಿಸಿದಳು. ಇಬ್ಬರೂ ಹೊತ್ತು ತೆಗೆದುಕೊಂಡರು. ನನ್ನ ಪಕ್ಕದಲ್ಲಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು. ಅವರು ತಡವರಿಸಿದಷ್ಟೂ ಕೊಲೆ ಇವಳ ತಲೆಗೇ ಬರುತ್ತಿತ್ತು.

ಗುರುಗಳು ಕೂತ ರೀತಿಯೇ ಬೇರೆ. ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಕನ್ನಡಿಯ ಕಡೆ ಮುಖ ಮಾಡಿ, ತರಗತಿಗೆ ಪಾಠ ಹೇಳುವ ಧಾಟಿಯಲ್ಲಿ ಮಾತಾಡುತ್ತಾ ಹೋದರು. "ಬಾಣ ಇದೆ, ಮೇಲಕ್ಕೆ ಒತ್ತುತೀನಿ. ನಾಲ್ಕು ಬಂತು. ಈಗ ಇದನ್ನ ನಿಲ್ಲಿಸಬೇಕು. ಬಲಗಡೆದು ಅನ್ಸುತ್ತೆ, ಒತ್ತಿದೆ. ಅರೆ, ಅಳಿಸಿಹೋಯ್ತಲ್ಲ. ಛೆ, ಮತ್ತೆ ಮೊದಲಿಂದ." ತಲೆ ಕೆರೆದುಕೊಂಡರು. ಮತ್ತೆ ಬಾಣ ಒತ್ತಿದರು. "ಹಾಗಾದ್ರೆ ಎಡಗಡೆದು ಇರಬೇಕು. ಒತ್ತಿದೆ. ಹಾಂ, ಈಗ ನಿಂತ್ಕೊಳ್ತು."

"ನನಗೂ ಮೊದಲು ಹೀಗೇ ಆಗ್ತಿತ್ತು," ಅಂತ ಹುಡುಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ತಲೆಯಾಡಿಸಿದೆ. ಮೂವರಿಗೂ ಪೆಟ್ಟಿಗೆ ಹೊಸದೇ, ಕತೆ ಮುಗಿಯಿತು ಅನ್ನಿಸಿತು.

ಎಲ್ಲರನ್ನೂ ಅತ್ತಿಗೆ ಸಭಾಂಗಣಕ್ಕೆ ಕರೆದರು. ಮೈಕು ಮತ್ತು ಕಾರ್ಯದರ್ಶಿ ಆದಷ್ಟು ದೂರ ಕೂತರು, ಗುರುಗಳು ನಡುವೆ. ಹುಡುಗಿಯನ್ನು ನೋಡಿ ಯಾರೂ ಮುಖ ತಿರುಗಿಸದೆ ಇರಲಿಲ್ಲ. ಇನ್ಸ್‌ಪೆಕ್ಟರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಇನ್ನೇನು ಮೇಡಮ್, ಗೊತ್ತಾಯ್ತಲ್ಲ. ನಮಗೆ ಬೇರೆ ಕೆಲಸ ಇದೆ," ಅಂದ ಮೈಕು.

ಅತ್ತಿಗೆ ಹುಡುಗಿಯ ಕಡೆ ತಿರುಗಿದರು. "ನೀನು ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಮ್ಮ. ನಿನ್ನ ಕೈ ತಪ್ಪಿಲ್ಲ. ಮಧ್ಯಾಹ್ನ ನೀನು ನಲವತ್ತಕ್ಕೆ ಇಟ್ಟು ಹೋಗಿದ್ರೆ ಕಾಲು ಗಂಟೆಯೊಳಗೆ ಅವರಿಗೆ ಮಂಪರು ಕವಿದು ಮಾತು ತೊದಲಬೇಕಿತ್ತು. ಈ ಮೂವರನ್ನೂ ಬೇರೆ ಬೇರೆ ಕೇಳಿದೀನಿ. ಸಭೆ ಮುಗಿದು ಒಬ್ಬೊಬ್ಬರನ್ನ ಕರೆಯೋವರೆಗೂ ನಿಮ್ಮ ದೊಡ್ಡಮ್ಮ ಗಟ್ಟಿ ಧ್ವನಿಯಲ್ಲಿ ಬೈತಾ ಇದ್ರು. ಇವರಿಗೆಲ್ಲ ಅವರ ಮೇಲೆ ಎಷ್ಟು ಸಿಟ್ಟು ಅಂದ್ರೆ ಆ ಬೈಗುಳ ಒಂದನ್ನೂ ಮರೆತಿಲ್ಲ. ಅಷ್ಟು ಹೊತ್ತಿನವರೆಗೂ ಪೆಟ್ಟಿಗೇಲಿ ನೀನಿಟ್ಟ ನಾಲ್ಕೇ ಇತ್ತು."

ಇನ್ಸ್‌ಪೆಕ್ಟರ್ ಹುಬ್ಬೇರಿಸಿದ. ಹಾಗಾದರೆ ಇವರೆಲ್ಲ ಹೋದ ಮೇಲೆ ಇವಳು ಬೇಕಂತಲೇ ಬದಲಾಯಿಸಿರಬಹುದಲ್ಲ ಅಂದ. ಬದಲಾಯಿಸಿರಬಹುದಿತ್ತು, ಆ ಪೆಟ್ಟಿಗೆ ಗೊತ್ತಿದ್ದವಳು ಅವಳೊಬ್ಬಳೇ ಆಗಿದ್ದರೆ ಅಂದರು ಅತ್ತಿಗೆ.

ಅಲ್ಲಿಂದ ಒಂದೊಂದೇ ಎಳೆ ಬಿಡಿಸಿದರು. ಅಧ್ಯಕ್ಷೆ ಸಭೆಯಲ್ಲಿ ಎಲ್ಲರೆದುರು, ಈ ಪೆಟ್ಟಿಗೆಯನ್ನು ಪಾಸು ಮಾಡಿದವರು ನಿಮ್ಮಲ್ಲೇ ಒಬ್ಬರು ಅಂದಿದ್ದರು. ಅಂದರೆ ಇಲ್ಲಿರುವ ಒಬ್ಬರಿಗೆ ಪೆಟ್ಟಿಗೆ ಚೆನ್ನಾಗಿ ಗೊತ್ತಿತ್ತು, ಹೆಸರು ಹೊರಬಿದ್ದರೆ ಮಾನ ಹೋಗುವುದೂ ಗೊತ್ತಿತ್ತು. ಮೈಕು ಆ ಮಾತು ಹೇಳಿದ, ಕಾರ್ಯದರ್ಶಿಯೂ ಹೇಳಿದಳು, ಒಬ್ಬರನ್ನೊಬ್ಬರು ಸಿಕ್ಕಿಸಲು. ಸಭೆಯ ಜಗಳಗಳನ್ನೆಲ್ಲಾ ಎಳೆಎಳೆಯಾಗಿ ಒಪ್ಪಿಸಿದ ಗುರುಗಳು ಆ ಒಂದನ್ನು ಮಾತ್ರ ನುಂಗಿದರು.

"ಮರೆತುಹೋಯ್ತಮ್ಮ. ವಯಸ್ಸಾಯ್ತು," ಅಂದರು ಗುರುಗಳು. ಮೀಸೆಯಡಿಯಲ್ಲಿ ಕೊಂಕು ನಗೆ ಇನ್ನೂ ಇತ್ತು.

"ಇರಬಹುದು. ಅದಕ್ಕೇ ಪರೀಕ್ಷೆ ಇಟ್ಟೆ," ಅಂದರು ಅತ್ತಿಗೆ. ಟೀವಿಯ ಮುಂದೆ ಹೋಗಿ ಚಾವಣಿಯ ಕ್ಯಾಮೆರಾ ಹಿಡಿದಿದ್ದ ಚಿತ್ರ ಹಾಕಿದರು.

ಗಾಜಿನಾಚೆ ಕೂತಿದ್ದ ನಮಗೆ ಗುರುಗಳ ಮುಖ ಕಾಣುತ್ತಿತ್ತು, ಪೆಟ್ಟಿಗೆಯ ಪರದೆ ಕಾಣುತ್ತಿರಲಿಲ್ಲ. ಈಗ ಕಂಡಿತು. ಗುರುಗಳ ಬೆರಳು ಬಾಣ ಒತ್ತಿತು, ಪರದೆಯ ಮೇಲೆ ನಾಲ್ಕು ಬಂತು. ಬೆರಳು ಬಲದ ಗುಂಡಿ ಒತ್ತಿತು. ಟೀವಿಯಲ್ಲಿ ಅವರ ಧ್ವನಿ, ಅರೆ, ಅಳಿಸಿಹೋಯ್ತಲ್ಲ ಅಂದಿತು. ಪರದೆಯ ಮೇಲೆ ನಾಲ್ಕು ಹಾಗೇ ನಿಂತಿತ್ತು. ಅವರು ಬಾಣ ಒತ್ತಿದರು, ಅದು ಎಂಟಾಯಿತು. ಎಡದ ಗುಂಡಿ ಒತ್ತಿ ಈಗ ನಿಂತ್ಕೊಳ್ತು ಅಂದರು. ಅಂಕೆ ಹೋಗಿ ಸೊನ್ನೆ ಬಿತ್ತು.

ಮೊನ್ನೆ ನಾನು ಬಲದ ಗುಂಡಿ ಒತ್ತಿದರೂ ಅಂಕೆ ಅಳಿಸದೆ ನಿಂತದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ನನ್ನ ಕೈಚಳಕವೂ ಅಲ್ಲ, ಮಣ್ಣೂ ಅಲ್ಲ.

ಅಧ್ಯಕ್ಷೆ ಸಾಯುವ ಮೊದಲೇ ಕಂಪನಿಯವರಿಗೆ ಪತ್ರ ಬರೆದು ಉಗಿದದ್ದರ ಫಲವಾಗಿ ಅವರು ಸದ್ದಿಲ್ಲದೆ ಎರಡೂ ಗುಂಡಿಗಳನ್ನು ಅದಲುಬದಲು ಮಾಡಿ ಹೊಸ ಪೆಟ್ಟಿಗೆ ಕಳಿಸಿದ್ದರು. ಆಸ್ಪತ್ರೆಯ ಉಗ್ರಾಣಕ್ಕೆ ಅದು ಬಂದದ್ದು ಆಕೆ ಸತ್ತ ಮೇಲೆ. ಹೊರನೋಟಕ್ಕೆ ಎರಡೂ ಒಂದೇ, ಗುಂಡಿಯ ಮೇಲಿನ ಸಣ್ಣ ಗುರುತು ಮಾತ್ರ ಬೇರೆ. ಅತ್ತಿಗೆ ಇದನ್ನು ಉಗ್ರಾಣದವರಿಗೆ ಫೋನು ಮಾಡಿ ಖಚಿತ ಮಾಡಿಕೊಂಡಿದ್ದರು.

"ಮೈಕು ತಪ್ಪು ಮಾಡಿದ್ರು, ಕಾರ್ಯದರ್ಶಿನೂ ತಡವರಿಸಿದ್ರು. ಆದ್ರೆ ಇಬ್ಬರೂ ಇಲ್ಲಿರೋ ಪೆಟ್ಟಿಗೇಲಿ ಆಗೋ ತಪ್ಪನ್ನೇ ಮಾಡಿದ್ರು," ಅಂದರು ಅತ್ತಿಗೆ. "ಗುರುಗಳು ಹೊಸಬರ ಹಾಗೆ ನಟಿಸಬೇಕಿತ್ತು. ಹೊಸಬರು ಎಲ್ಲಿ ಎಡವ್ತಾರೆ ಅಂತ ಇವರಿಗೆ ಬಾಯಿಪಾಠ. ಕಣ್ಣು ಕನ್ನಡಿ ಮೇಲಿತ್ತು, ಪರದೆ ಕಡೆ ನೋಡೋ ಅಗತ್ಯವೇ ಬೀಳಲಿಲ್ಲ. ಆಗದೇ ಇರೋ ತಪ್ಪಿಗೆ ಛೆ ಅಂದ್ರು. ಅಳಿಸಿಹೋದದ್ದನ್ನ ನಿಂತ್ಕೊಳ್ತು ಅಂದ್ರು. ಬಲಗಡೆ ಅಳಿಸುತ್ತೆ, ಎಡಗಡೆ ನಿಲ್ಲಿಸುತ್ತೆ ಅನ್ನೋದು ಹಳೇ ಪೆಟ್ಟಿಗೆ ಸಂಗತಿ. ಹಿಂದೆ ಕಂಡೇ ಇಲ್ಲ ಅಂದೋರಿಗೆ ಅದು ಹೇಗೆ ಗೊತ್ತಾಯ್ತು?"

ಕೊಂಕು ನಗೆ ಇಳಿಯಿತು. ಪರದೆ ಸರಿಯಾಗಿ ಕಾಣಲಿಲ್ಲ, ಯಾರೋ ಹೇಳಿದ್ದು ಕಿವಿಗೆ ಬಿದ್ದಿರಬೇಕು ಅಂತ ಏನೇನೋ ಅಂದರು. ಹುಡುಗಿ ಆ ಗುಂಡಿಗಳ ವಿಷಯವನ್ನು ನಮಗೆ ಮತ್ತು ಪೊಲೀಸರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಧ್ಯಕ್ಷೆಯೂ ಸಭೆಯಲ್ಲಿ ಗುಂಡಿಗಳ ಮಾತು ಎತ್ತಿರಲಿಲ್ಲ ಅಂತ ಮೈಕು, ಕಾರ್ಯದರ್ಶಿ ಇಬ್ಬರೂ ಅಂದರು. ಇನ್ಸ್‌ಪೆಕ್ಟರ್ ಫೋನು ತೆಗೆದ. ಪಾಸು ಮಾಡಿದವರು ಯಾರು ಅಂತ ಕೇಳಿದಾಗ ಕಂಪನಿಯ ವಕೀಲರು ಜಾರಿಕೊಳ್ಳಬಹುದು, ಇವರೇನಾ ಅಂತ ಹೆಸರಿಟ್ಟು ಕೇಳಿದರೆ ಜಾರಲು ಜಾಗವಿರಲ್ಲ ಅಂದ. ಗುರುಗಳು ಕೈ ಎತ್ತಿ ಬೇಡ ಅಂದರು. ಆಮೇಲೆ ಅವರ ಬಾಯಿಂದ ಬಂದದ್ದು ಬರೀ ವಿಷ.

ಪೆಟ್ಟಿಗೆಯನ್ನು ಪರೀಕ್ಷೆ ಮಾಡಿದ್ದು ಅವರೇ. ಬಂದವರಲ್ಲಿ ಬಹುಪಾಲು ಜನ ಬಲದ ಗುಂಡಿ ಒತ್ತಿ ಎಡವಿದ್ದರು. ಕಂಪನಿಗೆ ಬೇಕಾಗಿದ್ದದ್ದು ಸುಲಭ ಅನ್ನುವ ಉತ್ತರ, ಅದನ್ನೇ ಕೊಟ್ಟರು. ದಡ್ಡರಿಗೆ ಎಲ್ಲವೂ ಕಷ್ಟವೇ, ದಡ್ಡರಿಗೋಸ್ಕರ ಯಂತ್ರ ಬದಲಾಯಿಸಲು ಆಗುತ್ತದಾ ಅಂದರು, ಆ ಫಲಕದ ಕೆಳಗೇ ಕೂತು.

"ಅವಳಿಗೆ ಈ ಕಸುಬು ಕಲಿಸಿದ್ದು ನಾನು," ಅಂತ ಹಲ್ಲು ಕಡಿದರು. "ನನ್ನ ಕೊನೆಗೆ ಕರೆದು, ನೀವಾಗೇ ಒಪ್ಪಿಕೊಳ್ಳಿ, ಇಲ್ದಿದ್ರೆ ನಿಮ್ಮ ಶಿಷ್ಯರ ಮುಂದೇನೇ ನಿಮ್ಮ ಮಾನ ಕಳೀತೀನಿ ಅಂದ್ಲು. ತಲೆ ತಿರುಗಿಸಿ ನನ್ನ ಮುಖ ನೋಡೋಕೂ ಆಗದೋಳು. ಪೆಟ್ಟಿಗೆ ನನ್ನ ಕೈಗೆ ಸಿಗೋ ಹಾಗೇ ಇತ್ತು."

ಇನ್ಸ್‌ಪೆಕ್ಟರ್ ಅವರನ್ನು ಎಬ್ಬಿಸಿಕೊಂಡು ಹೋದ. ಮೆಟ್ಟಿಲಿಳಿಯುವ ಸದ್ದು ನಿಂತಿತ್ತೋ ಇಲ್ಲವೋ, ಮೈಕು ಗಂಟಲು ಸರಿಮಾಡಿಕೊಂಡ. ಇನ್ನು ಹಂಗಾಮಿ ಅಧ್ಯಕ್ಷ ತಾನೇ, ಸಂತಾಪ ಸಭೆ ತಾನೇ ನಡೆಸುತ್ತೇನೆ ಅಂದ. ನಿಯಮದ ಪ್ರಕಾರ ಸಭೆ ಕರೆಯುವ ಅಧಿಕಾರ ತನ್ನದು ಅಂದಳು ಕಾರ್ಯದರ್ಶಿ. ನನಗೆ ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅನ್ನಿಸಿತು.

ಹುಡುಗಿ ಎದ್ದು ಅವರ ನಡುವೆ ಹೋಗಿ ನಿಂತಳು. ಹಳೆಯ ಪೆಟ್ಟಿಗೆಗಳು ಇನ್ನೂ ಎಷ್ಟೋ ಮನೆಗಳಲ್ಲಿ ರೋಗಿಗಳ ತಲೆಯ ಹಿಂದೆ ತೂಗುತ್ತಿವೆ, ದೊಡ್ಡಮ್ಮ ಹೇಳಬೇಕು ಅಂತಿದ್ದ ಮಾತನ್ನು ನೀವು ಇವತ್ತೇ ಹೇಳಿ, ಸಂಘದ ಹೆಸರಿನಲ್ಲಿ ಎಲ್ಲಾ ಆಸ್ಪತ್ರೆಗಳಿಗೂ ತಿಳಿಸಿ ಅಂದಳು. ಮೈಕು ಕೆಮ್ಮಿದ. ಸಂಘದ ಮರ್ಯಾದೆಯ ಪ್ರಶ್ನೆ ಅಂದ. ಕಾರ್ಯದರ್ಶಿ, ಅದಕ್ಕೆ ಮೊದಲು ಸಭೆ ಸೇರಿ ನಿರ್ಣಯ ಆಗಬೇಕು, ಹಾಗೆಲ್ಲಾ ಏಕಾಏಕಿ ಆಗಲ್ಲ ಅಂದಳು.

"ನನ್ನ ಕೊಲೆಗಾತಿ ಅನ್ನೋಕೆ ನಿಮಗೆ ಯಾವ ಸಭೆನೂ ಬೇಕಾಗಿರಲಿಲ್ಲ," ಅಂದಳು ಹುಡುಗಿ.

ಧ್ವನಿ ಏರಿಸಿರಲಿಲ್ಲ. ಕಾರ್ಯದರ್ಶಿ ಮೇಜಿನ ಮೇಲಿದ್ದ ಫೋನು ಎಳೆದುಕೊಂಡು ಮೊದಲ ಆಸ್ಪತ್ರೆಗೆ ಕರೆ ಮಾಡಿದಳು. ಮೈಕು ಇನ್ನೊಂದು ಫೋನು ತೆಗೆದ, ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ. ಅವರಿಬ್ಬರೂ ಕರೆ ಮುಗಿಸುವವರೆಗೂ ಹುಡುಗಿ ಅಲ್ಲಿಂದ ಕದಲಲಿಲ್ಲ.

ಕೆಳಗಿಳಿದು ರಸ್ತೆಗೆ ಬಂದ ಮೇಲೆ ನಾನು ಸ್ಕೂಟರಿನ ಕೀಲಿ ಹುಡುಕುತ್ತಿದ್ದೆ. ಹಿಂದೆ ಬಿಕ್ಕುವ ಸದ್ದು ಕೇಳಿ ತಿರುಗಿದೆ. ಹುಡುಗಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಅತ್ತಿಗೆಯ ಸೆರಗಿನಲ್ಲಿ ಮುಖ ಹುದುಗಿಸಿ, ದೊಡ್ಡಮ್ಮಾ ದೊಡ್ಡಮ್ಮಾ ಅಂತ ಮಗುವಿನ ಹಾಗೆ ಅಳುತ್ತಿದ್ದಳು. ದೊಡ್ಡಮ್ಮ ಸತ್ತಾಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲವಂತೆ. ಕೊಂದವಳಿಗೆ ಅಳುವ ಹಕ್ಕಿಲ್ಲ ಅಂದುಕೊಂಡಿದ್ದಳಂತೆ.